ಉಕ್ಕಿಗೂ ಮುಪ್ಪು ಬರುತ್ತದೆ

ಕೃಷ್ಣಗಿರಿ ಜಿಲ್ಲೆಯಲ್ಲಿ ಹೊಸೂರಿಗೆ ತಾಗಿಕೊಂಡಿರುವ ಮತ್ತಿಗಿರಿಯ ಹೆಸರು ನಮ್ಮ ಓದುಗರಲ್ಲಿ ಹಲವರಿಗೆ ಹೊಸದಿರಬಹುದು. ಆದರೆ ಅಲ್ಲಿಯ ಕನ್ನಡ ಮನೆಗಳ ಬಾಳು ನಮಗೆ ಹೊಸದಲ್ಲ. ಮನೆಯೊಳಗೆ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು, ಸರಕಾರಿ ಕಾಗದದಲ್ಲಿ ತಮಿಳು. ಗಡಿನಾಡಿನ ಈ ಪಾಡು ಮಂಜೇಶ್ವರಕ್ಕೂ ಮತ್ತಿಗಿರಿಗೂ ಹೆಚ್ಚು ಕಡಿಮೆ ಒಂದೇ.

ಕುಂಪಣಿ ಸರಕಾರದ ಕಾಲದಲ್ಲಿ, 1824ರಲ್ಲಿ, ಸೈನ್ಯದ ಕುದುರೆಗಳಿಗಾಗಿ ಮತ್ತಿಗಿರಿಯಲ್ಲಿ ಒಂದು ಕೇಂದ್ರ ಆರಂಭವಾಯಿತು. ಅದೇ ಮುಂದೆ ಹೊಸೂರಿನ ಪ್ರಸಿದ್ಧ ಜಾನುವಾರು ಕ್ಷೇತ್ರವಾಯಿತು. ಕುದುರೆ ಇದ್ದಲ್ಲಿ ಲಾಳ ಬೇಕು. ಲಾಳ ಬೇಕಾದಲ್ಲಿ ಕುಲುಮೆ ಬೇಕು. ತಣ್ಣಗಿನ ಕಬ್ಬಿಣವನ್ನು ಬಡಿಯುತ್ತ ಹೋದರೆ ಅದು ಗಟ್ಟಿಯಾಗುತ್ತದೆ, ಇನ್ನೂ ಬಡಿದರೆ ಪೆಡಸಾಗಿ ಸೀಳುತ್ತದೆ, ಬೆಂಕಿಗಿಟ್ಟು ಕೆಂಪಗೆ ಕಾಯಿಸಿ ಮೆಲ್ಲಗೆ ಆರಲು ಬಿಟ್ಟರೆ ಮತ್ತೆ ಮೆತುವಾಗುತ್ತದೆ ಎಂಬುದು ಯಾವ ಊರಿನ ಕಮ್ಮಾರನಿಗೂ ಗೊತ್ತಿರುವ ಸಂಗತಿ. 1970ರ ದಶಕದಿಂದ ಹೊಸೂರಿನ ಸುತ್ತ ಕಾರ್ಖಾನೆಗಳು ಎದ್ದ ಮೇಲೆ ಅದೇ ತಿಳುವಳಿಕೆ ಕುಲುಮೆಯಿಂದ ದೊಡ್ಡ ಒಲೆಗಳಿಗೆ ಹೋಯಿತು. ಉಕ್ಕಿಗೆ ಹದ ಹಾಕುವ ಕೆಲಸ ಅಲ್ಲಿಯ ಎಷ್ಟೋ ತರುಣರಿಗೆ ಅನ್ನ ಕೊಡುತ್ತಿದೆ.

ಕಮ್ಮಾರನ ಈ ಮೂರು ಮಾತುಗಳನ್ನು ಇಲ್ಲಿ ನೆನಪಿಸಲು ಕಾರಣವಿದೆ. ಅಣುವಿದ್ಯುತ್ ಸ್ಥಾವರಗಳ ಆಯುಷ್ಯವನ್ನು ತೀರ್ಮಾನಿಸುವ ದೊಡ್ಡ ಪ್ರಶ್ನೆಗಳಲ್ಲಿ ಒಂದು ಈ ಮೂರು ಮಾತುಗಳಲ್ಲೇ ಅಡಗಿದೆ. ಅಲ್ಲಿ ಉಕ್ಕನ್ನು ಬಡಿಯುವ ಸುತ್ತಿಗೆ ಮಾತ್ರ ಬೇರೆ. ಅದು ಕಣ್ಣಿಗೆ ಕಾಣದು, ಕಿವಿಗೆ ಕೇಳದು. ಅದರ ಹೆಸರು ನ್ಯೂಟ್ರಾನ್.

ಮತ್ತಿಗಿರಿಯವರು ಇರುವ ರಾಜ್ಯದಲ್ಲೇ ಕಲ್ಪಾಕಂ ಮತ್ತು ಕೂಡಂಕುಳಂ ಸ್ಥಾವರಗಳಿವೆ. ಕೂಡಂಕುಳಂನ ವಿದ್ಯುತ್ತಿನಲ್ಲಿ ತಮಿಳುನಾಡಿಗೆ ಮಾತ್ರವಲ್ಲ, ಕರ್ನಾಟಕಕ್ಕೂ ಕೇರಳಕ್ಕೂ ಪಾಲಿದೆ. ನಮ್ಮ ಕರಾವಳಿಯ ಬಡಗಣ ತುದಿಯಲ್ಲಿ, ಕಾಳಿ ನದಿಯ ದಂಡೆಯಲ್ಲಿ ಕೈಗಾ ಇದೆ. ಒಂದು ಕಾಲಕ್ಕೆ ನೆರೆಯ ಕಣ್ಣೂರು ಜಿಲ್ಲೆಯ ಪೆರಿಂಗೋಂಗೆ ಅಣುಸ್ಥಾವರ ಬರುತ್ತದೆಂಬ ಯೋಜನೆ ಎದ್ದು, ಜನರ ವಿರೋಧದಿಂದ ಕೈಬಿಟ್ಟುಹೋಯಿತು. 2024ರ ಡಿಸೆಂಬರಿನಲ್ಲಿ ನಮ್ಮದೇ ಕಾಸರಗೋಡು ಜಿಲ್ಲೆಯ ಚೀಮೇನಿಯ ಹೆಸರು ಇದೇ ವಿಷಯದಲ್ಲಿ ಮತ್ತೆ ಮಾತಿಗೆ ಬಂತು. ಆದ್ದರಿಂದ ಸ್ಥಾವರದ ಉಕ್ಕು ಹೇಗೆ ಮುಪ್ಪಾಗುತ್ತದೆ ಎಂಬುದು ವಿಜ್ಞಾನಿಗಳಿಗಷ್ಟೇ ಬಿಟ್ಟ ವಿಷಯವಲ್ಲ. ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಇದು ಗೊತ್ತಿರಬೇಕಾದದ್ದು.

ಪಂಕ್ತಿಯಲ್ಲಿ ನೂಕುನುಗ್ಗಲು

ಉಕ್ಕಿನ ತುಂಡೊಂದನ್ನು ನೋಡಿದರೆ ಒಂದೇ ಮುದ್ದೆಯಂತೆ ಕಾಣುತ್ತದೆ. ನಿಜದಲ್ಲಿ ಅದು ಅಸಂಖ್ಯ ಸಣ್ಣ ಹರಳುಗಳ ಜೋಡಣೆ. ಒಂದೊಂದು ಹರಳಿನೊಳಗೂ ಕಬ್ಬಿಣದ ಪರಮಾಣುಗಳು ದೇವಸ್ಥಾನದ ಸಂತರ್ಪಣೆಯಲ್ಲಿ ಪಂಕ್ತಿಗೆ ಕುಳಿತವರಂತೆ ಸಾಲುಸಾಲಾಗಿ, ಸಮ ಅಂತರದಲ್ಲಿ ಇರುತ್ತವೆ. ಪ್ರತಿಯೊಬ್ಬರಿಗೂ ಒಂದು ಎಲೆ, ಒಂದು ಜಾಗ.

ಯುರೇನಿಯಂ ಬೀಜ ಒಡೆದಾಗ ಹೊರಬೀಳುವ ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಆದ್ದರಿಂದ ಪರಮಾಣುವಿನ ಸುತ್ತಣ ಎಲೆಕ್ಟ್ರಾನುಗಳ ಬೇಲಿ ಅದನ್ನು ತಡೆಯಲಾರದು. ಅದು ನೇರವಾಗಿ ಒಳನುಗ್ಗಿ ಕಬ್ಬಿಣದ ಬೀಜಕ್ಕೇ ಡಿಕ್ಕಿ ಹೊಡೆಯುತ್ತದೆ. ಅದರ ಸರಾಸರಿ ಶಕ್ತಿ ಸುಮಾರು 20 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಕಬ್ಬಿಣದ ಒಂದು ಪರಮಾಣುವನ್ನು ಅದರ ಜಾಗದಿಂದ ಎಬ್ಬಿಸಲು ಬೇಕಾದದ್ದು ಬರೀ 40ರಷ್ಟು. ಹಾಗಾಗಿ ಮೊದಲ ಪೆಟ್ಟು ತಿಂದ ಪರಮಾಣು ತಾನೇ ಗುಂಡಿನಂತೆ ಹಾರಿ ಪಕ್ಕದವನನ್ನು ನೂಕುತ್ತದೆ, ಅವನು ಇನ್ನಿಬ್ಬರನ್ನು ನೂಕುತ್ತಾನೆ. ಒಂದು ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅಂಥ ಕೆಲವೇ ಪಾಲಿನೊಳಗೆ ನೂರಾರು ಮಂದಿ ಎಲೆಯ ಮುಂದಿನಿಂದ ಎದ್ದುಬಿಟ್ಟಿರುತ್ತಾರೆ.

ಗಲಾಟೆ ಮುಗಿದ ಮರುಕ್ಷಣ ಹೆಚ್ಚಿನವರು ಯಾವುದಾದರೂ ಒಂದು ಎಲೆಯ ಮುಂದೆ ಮತ್ತೆ ಕೂರುತ್ತಾರೆ. ಆದರೆ ಎಲ್ಲರೂ ಅಲ್ಲ. ಅಲ್ಲಲ್ಲಿ ಕೆಲವು ಎಲೆಗಳು ಖಾಲಿ ಉಳಿಯುತ್ತವೆ. ಅಲ್ಲಲ್ಲಿ ಇಬ್ಬರ ನಡುವೆ ಮೂರನೆಯವನು ತುರುಕಿಕೊಂಡಿರುತ್ತಾನೆ. ಖಾಲಿ ಜಾಗಗಳು ದಿನ ಕಳೆದಂತೆ ಸರಿದು ಸರಿದು ಒಂದೆಡೆ ಗುಂಪಾಗುತ್ತವೆ. ತುರುಕಿಕೊಂಡವರೂ ಬೇರೊಂದೆಡೆ ಗುಂಪಾಗುತ್ತಾರೆ. ನ್ಯೂಟ್ರಾನಿನ ಹೊಡೆತದಿಂದ ಪರಮಾಣುಗಳು ಹೀಗೆ ಸ್ಥಾನಪಲ್ಲಟ ಹೊಂದುತ್ತವೆಂದು 1940ರ ದಶಕದಲ್ಲೇ, ಮೊದಲ ರಿಯಾಕ್ಟರುಗಳು ಹುಟ್ಟುತ್ತಿದ್ದಾಗ, ಭೌತವಿಜ್ಞಾನಿ ಯೂಜೀನ್ ವಿಗ್ನರ್ ಎಚ್ಚರಿಸಿದ್ದರು.

ಎಷ್ಟು ಪರಮಾಣುಗಳು ಹೀಗೆ ಕದಲುತ್ತವೆ ಎಂಬುದು ಜಾಗವನ್ನು ಅವಲಂಬಿಸಿದೆ. ಕೂಡಂಕುಳಂನಂಥ ಸ್ಥಾವರದಲ್ಲಿ ಇಂಧನವನ್ನು ಒಳಗಿಟ್ಟುಕೊಂಡಿರುವ ದಪ್ಪ ಒತ್ತಡಪಾತ್ರೆಯ ಗೋಡೆಯಲ್ಲಿ, ನಲವತ್ತು ವರ್ಷ ಕಳೆದರೂ ಹತ್ತಿಪ್ಪತ್ತು ಪರಮಾಣುಗಳಿಗೆ ಒಂದರಂತೆ ಮಾತ್ರ ಒಮ್ಮೆ ಕದಲಿರುತ್ತದೆ. ಆದರೆ ಕಲ್ಪಾಕಂನ ವೇಗದ ರಿಯಾಕ್ಟರಿನ ಇಂಧನ ಕೊಳವೆಯಲ್ಲಿ ಕೆಲವೇ ವರ್ಷಗಳಲ್ಲಿ ಒಂದೊಂದು ಪರಮಾಣುವೂ ಹತ್ತಾರು ಸಲ ಜಾಗ ಬಿಟ್ಟು ಎದ್ದಿರುತ್ತದೆ.

ಗಟ್ಟಿಯಾದದ್ದೇ ಗಂಡಾಂತರ

ಇಷ್ಟು ಕದಲಿದರೆ ಉಕ್ಕು ಸಡಿಲವಾಗಬೇಕಲ್ಲವೇ ಎಂದು ಯಾರಿಗಾದರೂ ಅನಿಸಬಹುದು. ಆಗುವುದು ತಿರುಗುಮುರುಗು. ಉಕ್ಕು ಗಟ್ಟಿಯಾಗುತ್ತದೆ. ಗಟ್ಟಿಯಾಗುವುದೇ ಇಲ್ಲಿ ತೊಂದರೆ.

ಉಕ್ಕು ಮುರಿಯದೆ ಬಾಗುವುದು ಹೇಗೆಂದು ತಿಳಿಯಲು ಅಂಗಳದಲ್ಲಿ ಹಾಸಿದ ದೊಡ್ಡ ಚಾಪೆಯೊಂದನ್ನು ನೆನೆಯೋಣ. ಇಡೀ ಚಾಪೆಯನ್ನು ಒಮ್ಮೆಗೇ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸಣ್ಣ ಮಡಿಕೆ ಎಬ್ಬಿಸಿ ಅದನ್ನು ಇನ್ನೊಂದು ತುದಿಗೆ ತಳ್ಳುತ್ತ ಹೋದರೆ ಚಾಪೆ ಸುಲಭವಾಗಿ ಸರಿಯುತ್ತದೆ. ಉಕ್ಕಿನ ಹರಳಿನೊಳಗೂ ಇಂಥ ಮಡಿಕೆಗಳಿವೆ. ಭಾರ ಬಿದ್ದಾಗ ಅವು ಓಡುತ್ತವೆ. ಉಕ್ಕು ಬಾಗುತ್ತದೆ, ಹಿಗ್ಗುತ್ತದೆ, ಪೆಟ್ಟನ್ನು ನುಂಗಿಕೊಳ್ಳುತ್ತದೆ. ಈಗ ಚಾಪೆಯ ಮೇಲೆ ಅಲ್ಲಲ್ಲಿ ಕಲ್ಲುಗಳನ್ನು ಇಟ್ಟರೆ ಮಡಿಕೆ ಮುಂದೆ ಹೋಗಲಾರದು. ನ್ಯೂಟ್ರಾನುಗಳು ಉಂಟುಮಾಡಿದ ಗುಂಪುಗಳೇ ಆ ಕಲ್ಲುಗಳು. ಬಾಗಲು ದಾರಿ ಇಲ್ಲದ ಉಕ್ಕು, ದೊಡ್ಡ ಪೆಟ್ಟು ಬಿದ್ದಾಗ ಬಿರುಕು ಬಿಡುತ್ತದೆ.

ಇದಕ್ಕೆ ಉಕ್ಕಿನೊಳಗಿನ ಕಲ್ಮಷಗಳೂ ಜೊತೆಗೂಡುತ್ತವೆ. ಮುಖ್ಯ ಅಪರಾಧಿ ತಾಮ್ರ. ಹಿಂದಿನ ಕಾಲದಲ್ಲಿ ಬೆಸುಗೆಯ ತಂತಿಗೆ ತುಕ್ಕು ಹಿಡಿಯಬಾರದೆಂದು ತಾಮ್ರದ ಲೇಪ ಕೊಡುತ್ತಿದ್ದರು. ಆ ತಾಮ್ರ ಬೆಸುಗೆಯೊಳಗೆ ಸೇರಿತು. ನೂರಕ್ಕೆ ಕಾಲು ಪಾಲಿನಷ್ಟೇ ಇದ್ದರೂ, ನ್ಯೂಟ್ರಾನುಗಳು ತೆರೆದುಕೊಟ್ಟ ಖಾಲಿ ಜಾಗಗಳ ದಾರಿಯಲ್ಲಿ ತಾಮ್ರದ ಪರಮಾಣುಗಳು ಸರಿದು ಸಣ್ಣ ಸಣ್ಣ ಗಂಟುಗಳಾಗುತ್ತವೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಎರಡು ಮೂರು ಪಾಲಿನಷ್ಟು ಗಾತ್ರದ ಗಂಟುಗಳು ಇವು. ನಿಕ್ಕಲ್ ಮತ್ತು ಮ್ಯಾಂಗನೀಸ್ ಅದಕ್ಕೆ ಕೈಜೋಡಿಸುತ್ತವೆ. ರಂಜಕ ಹರಳುಗಳ ಅಂಚಿಗೆ ಹೋಗಿ ಕೂತು ಹರಳು ಹರಳಿನ ಬಂಧವನ್ನೇ ಸಡಿಲಿಸುತ್ತದೆ. ಹೊರಗಿನಿಂದ ನೋಡಿದರೆ ಉಕ್ಕು ಹೊಸದರಂತೆ ಹೊಳೆಯುತ್ತಲೇ ಇರುತ್ತದೆ.

ಇನ್ನೊಂದು ಮುಖ್ಯ ಮಾತು ಉಷ್ಣತೆಯದ್ದು. ಬಿಸಿ ಚಿಕ್ಕಿ ಬಾಗುತ್ತದೆ, ಆರಿದ ಚಿಕ್ಕಿ ಟಕ್ಕನೆ ಮುರಿಯುತ್ತದೆ. ಒತ್ತಡಪಾತ್ರೆಯ ಉಕ್ಕಿಗೂ ಅಂಥದೇ ಒಂದು ಗಡಿ ಉಂಟು. ಆ ಉಷ್ಣತೆಗಿಂತ ಮೇಲೆ ಅದು ಬಾಗುತ್ತದೆ, ಕೆಳಗೆ ಮುರಿಯುತ್ತದೆ. ಹೊಸ ಉಕ್ಕಿನಲ್ಲಿ ಈ ಗಡಿ ಸಾಮಾನ್ಯವಾಗಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತಲೂ ಕೆಳಗಿರುತ್ತದೆ. ಅದರ ಚಿಂತೆ ಯಾರಿಗೂ ಬೇಕಿಲ್ಲ. ನ್ಯೂಟ್ರಾನಿನ ಹೊಡೆತ ಬಿದ್ದಂತೆ ಗಡಿ ಮೇಲೆ ಮೇಲೆ ಏರುತ್ತದೆ. ಸ್ಥಾವರ ನಡೆಯುತ್ತಿರುವಾಗ ಪಾತ್ರೆ 300 ಡಿಗ್ರಿ ಸೆಲ್ಸಿಯಸ್ ಸಮೀಪದಲ್ಲಿರುವುದರಿಂದ ಅಪಾಯವಿಲ್ಲ. ಆದರೆ ಏನಾದರೂ ಅವಘಡವಾಗಿ, ಒಳಗೆ ಒತ್ತಡ ಇರುವಾಗಲೇ ತಣ್ಣೀರು ನುಗ್ಗಿಸಬೇಕಾಗಿ ಬಂದರೆ? ಕಾದ ಗಾಜಿನ ಲೋಟಕ್ಕೆ ತಣ್ಣೀರು ಸುರಿದರೆ ಏನಾಗುತ್ತದೆಂದು ಮನೆಯವರೆಲ್ಲರಿಗೂ ಗೊತ್ತು. ಸುಮಾರು 20 ಸೆಂಟಿಮೀಟರು ದಪ್ಪದ ಉಕ್ಕಿಗೆ ಆ ಗತಿ ಬಾರದಂತೆ ನೋಡಿಕೊಳ್ಳುವುದೇ ಈ ಶಾಸ್ತ್ರದ ಗುರಿ. ಸ್ಥಾವರದಲ್ಲಿ ಪಂಪು ಕೆಟ್ಟರೆ ಬದಲಾಯಿಸಬಹುದು, ಕೊಳವೆ ಕೆಟ್ಟರೆ ಬದಲಾಯಿಸಬಹುದು. ಒತ್ತಡಪಾತ್ರೆಯನ್ನು ಬದಲಾಯಿಸುವುದು ಕಾರ್ಯತಃ ಆಗದ ಮಾತು.

ರಾಜಸ್ಥಾನ ಕಲಿಸಿದ ಪಾಠ

ನಮ್ಮ ದೇಶ ಈ ವಿಷಯವನ್ನು ಪುಸ್ತಕದಿಂದಷ್ಟೇ ಕಲಿಯಲಿಲ್ಲ. ರಾಜಸ್ಥಾನದ ರಾವತಭಾಟಾದಲ್ಲಿ ಕೆನಡಾದ ನೆರವಿನಿಂದ ಕಟ್ಟಿದ ಮೊದಲ ಘಟಕ 1973ರ ಡಿಸೆಂಬರಿನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಮರುವರ್ಷ ಪೋಖರಣ್ ಸ್ಫೋಟದ ನಂತರ ಕೆನಡಾ ಕೈಬಿಟ್ಟಿತು. ಆಮೇಲಿನ ಕಷ್ಟಸುಖವೆಲ್ಲ ನಮ್ಮ ಎಂಜಿನಿಯರುಗಳದೇ.

ಈ ಬಗೆಯ ರಿಯಾಕ್ಟರಿನಲ್ಲಿ ಮಲಗಿಸಿದ ಪೀಪಾಯಿಯಂಥ ದೊಡ್ಡ ಪಾತ್ರೆಯ ಎರಡೂ ತುದಿಗಳಲ್ಲಿ, ವಿಕಿರಣ ಹೊರಬಾರದಂತೆ ತಡೆಯುವ ಉಕ್ಕಿನ ಭಾರೀ ಮುಚ್ಚಳಗಳಿರುತ್ತವೆ. ಮೊದಲ ಘಟಕದ ಮುಚ್ಚಳಗಳಿಗೆ ನೂರಕ್ಕೆ ಮೂರೂವರೆ ಪಾಲು ನಿಕ್ಕಲ್ ಬೆರೆತ ಉಕ್ಕನ್ನು ಬಳಸಿದ್ದರು. ತಣ್ಣಗಿದ್ದಾಗಲೂ ಮುರಿಯದ ಒಳ್ಳೆಯ ಉಕ್ಕೆಂದು ಅದಕ್ಕೆ ಹೆಸರಿತ್ತು. ಆದರೆ ನ್ಯೂಟ್ರಾನಿನ ಮುಂದೆ ಅದೇ ನಿಕ್ಕಲ್ ಶತ್ರುವಾಯಿತು. ಮುಚ್ಚಳ ಇರುವ ಜಾಗ ಹೆಚ್ಚು ಬಿಸಿಯಿಲ್ಲದ್ದು. ಬಿಸಿಯಿದ್ದರೆ ಕದಲಿದ ಪರಮಾಣುಗಳಲ್ಲಿ ಹಲವು ತಾವಾಗಿ ಸ್ವಸ್ಥಾನಕ್ಕೆ ಮರಳುತ್ತವೆ. ತಣ್ಣಗಿದ್ದರೆ ಗಾಯ ಮಾಯುವುದಿಲ್ಲ. 1980ರ ದಶಕದ ಆರಂಭದಲ್ಲಿ ದಕ್ಷಿಣದ ಮುಚ್ಚಳ ಬಿರುಕು ಬಿಟ್ಟು ನೀರು ಸೋರತೊಡಗಿತು. ಘಟಕವನ್ನು ದೀರ್ಘಕಾಲ ನಿಲ್ಲಿಸಬೇಕಾಯಿತು. ಮುಂದೆ ಅದರ ಸಾಮರ್ಥ್ಯವನ್ನು 100 ಮೆಗಾವಾಟಿಗೆ ಇಳಿಸಲಾಯಿತು. 2004ರಲ್ಲಿ ಅದು ನಿಂತೇಹೋಯಿತು.

ಈ ಪಾಠದ ಫಲ ನಮ್ಮ ಕೈಗಾಕ್ಕೆ ದೊರೆಯಿತು. ಮುಂದಿನ ಸ್ಥಾವರಗಳಲ್ಲಿ ಮುಚ್ಚಳದ ಉಕ್ಕನ್ನೇ ಬದಲಾಯಿಸಿ, ಹೀಗೆ ಪೆಡಸಾಗದ ಜಾತಿಯ ತುಕ್ಕು ಹಿಡಿಯದ ಉಕ್ಕನ್ನು ತಂದರು. ಕೈಗಾದಲ್ಲಿ ಇರುವುದೂ ಅದೇ. ಅಲ್ಲಿ ಕೂಡಂಕುಳಂನಂಥ ಒಂದೇ ದೊಡ್ಡ ಒತ್ತಡಪಾತ್ರೆಯೂ ಇಲ್ಲ. ಅದರ ಬದಲು ಪ್ರತಿ ಘಟಕದಲ್ಲೂ 306 ಕೊಳವೆಗಳಿವೆ. ಅವು ಉಕ್ಕಿನವಲ್ಲ, ಜಿರ್ಕೋನಿಯಂ ಮಿಶ್ರಲೋಹದವು. ನ್ಯೂಟ್ರಾನಿನ ಹೊಡೆತಕ್ಕೆ ಅವೂ ಉದ್ದವಾಗುತ್ತವೆ, ಜೋತುಬೀಳುತ್ತವೆ. ಆದರೆ ಕಾಲಕಾಲಕ್ಕೆ ಅವನ್ನು ತೆಗೆದು ಹೊಸದು ಹಾಕಬಹುದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ಮುಗಿದಂತೆ 962 ದಿನ ಎಡೆಬಿಡದೆ ನಡೆದು ಜಗತ್ತಿನ ದಾಖಲೆ ಮಾಡಿದ್ದರ ಹಿಂದೆ ಹಳೆಯ ಘಟಕಗಳು ಉಂಡ ಕಹಿ ಇದೆ ಎಂಬುದನ್ನು ಮರೆಯಬಾರದು.

ಈ ಸ್ಥಾವರಗಳನ್ನು ಕಟ್ಟಿ ನಿಲ್ಲಿಸಿದವರಲ್ಲಿ ಕನ್ನಡ ನೆಲದವರೂ ಇದ್ದರು. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಡಾ. ಎಂ. ಆರ್. ಶ್ರೀನಿವಾಸನ್ 1967ರಲ್ಲಿ ಕಲ್ಪಾಕಂನ ಮದರಾಸು ಅಣುವಿದ್ಯುತ್ ಸ್ಥಾವರದ ಮುಖ್ಯ ಯೋಜನಾ ಎಂಜಿನಿಯರಾದರು. 1987ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 2025ರ ಮೇ ತಿಂಗಳಿನಲ್ಲಿ ಅವರು ತೀರಿಕೊಂಡರು. ಆಯೋಗದ ಅಧ್ಯಕ್ಷತೆಯಲ್ಲಿ ಅವರ ಹಿಂದಿನವರಾದ ಡಾ. ರಾಜಾ ರಾಮಣ್ಣ ತುಮಕೂರಿನಲ್ಲಿ ಹುಟ್ಟಿದವರು.

ಉಬ್ಬುವ ಉಕ್ಕು

ಕಲ್ಪಾಕಂನಲ್ಲಿ ಇನ್ನೊಂದು ಬಗೆಯ ಸಮಸ್ಯೆಯೊಡನೆ ಸೆಣಸಾಟ ನಡೆದಿದೆ. ಅಲ್ಲಿಯ ವೇಗದ ಪ್ರಯೋಗ ರಿಯಾಕ್ಟರು 1985ರ ಅಕ್ಟೋಬರ್ 18ರಂದು ಚಾಲನೆ ಪಡೆಯಿತು. ಇಂಥ ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸುವ ನೀರು ಇರುವುದಿಲ್ಲ. ಶಾಖ ಒಯ್ಯಲು ಕರಗಿದ ಸೋಡಿಯಂ ಹರಿಯುತ್ತದೆ. ಬಿಸಿಯೂ ಹೆಚ್ಚು, ಹೊಡೆತವೂ ಹೆಚ್ಚು. ಇಲ್ಲಿ ಖಾಲಿ ಜಾಗಗಳು ಒಟ್ಟುಗೂಡಿ ನಿಜವಾದ ಗುಳ್ಳೆಗಳೇ ಆಗಿಬಿಡುತ್ತವೆ. ನೀರುದೋಸೆಯ ಮೈಯಲ್ಲಿ ಕಾಣುವ ತೂತುಗಳಂತೆ ಉಕ್ಕಿನ ಮೈಯೆಲ್ಲ ಸೂಕ್ಷ್ಮ ತೂತು. ತೂಕ ಅಷ್ಟೇ, ಗಾತ್ರ ಮಾತ್ರ ದೊಡ್ಡದು. ಉಕ್ಕು ಉಬ್ಬುತ್ತದೆ. ಬ್ರಿಟನ್ನಿನ ಡೌನ್‌ರೇ ರಿಯಾಕ್ಟರಿನ ಕೊಳವೆಗಳಲ್ಲಿ ಈ ಗುಳ್ಳೆಗಳು ಮೊದಲು ಕಂಡದ್ದು 1967ರಲ್ಲಿ ಪ್ರಕಟವಾದಾಗ ಜಗತ್ತಿನ ಲೋಹಶಾಸ್ತ್ರಜ್ಞರೇ ಬೆರಗಾದರು.

ಉಬ್ಬಿದ ಕೊಳವೆಗಳು ಒಂದಕ್ಕೊಂದು ತಾಗಿದರೆ ಸೋಡಿಯಂ ಹರಿಯುವ ದಾರಿ ಕಿರಿದಾಗುತ್ತದೆ. ಇದಕ್ಕೆ ಮದ್ದು ಹುಡುಕಿದ್ದು ಉಕ್ಕಿನ ಪಾಕದಲ್ಲೇ. ಕ್ರೋಮಿಯಂ ಮತ್ತು ನಿಕ್ಕಲ್ ನೂರಕ್ಕೆ ಹದಿನೈದು ಹದಿನೈದರಂತೆ ಬೆರೆಸಿ, ಚಿಟಿಕೆಯಷ್ಟು ಟೈಟಾನಿಯಂ ಹಾಕಿ, ಕೊಳವೆಯನ್ನು ತಣ್ಣಗಿರುವಾಗಲೇ ಎಳೆದು ಬಿಗಿ ಮಾಡಿದರೆ, ಅಲೆಯುವ ಖಾಲಿ ಜಾಗಗಳನ್ನು ಹಿಡಿದಿಡುವ ಸಣ್ಣ ಸಣ್ಣ ಬಲೆಗಳು ಉಕ್ಕಿನೊಳಗೇ ಹುಟ್ಟುತ್ತವೆ. ಡಿ-9 ಎಂದು ಕರೆಯುವ ಈ ಉಕ್ಕು ಕಲ್ಪಾಕಂನ 500 ಮೆಗಾವಾಟಿನ ದೊಡ್ಡ ವೇಗದ ರಿಯಾಕ್ಟರಿನ ಇಂಧನ ಕೊಳವೆಗಳಿಗೆ ಆಯ್ಕೆಯಾಯಿತು.

ಮೊದಲೇ ಇಟ್ಟ ತುಂಡುಗಳು

ಕಣ್ಣಿಗೆ ಕಾಣದ ಮುಪ್ಪನ್ನು ಅಳೆಯುವುದು ಹೇಗೆ? ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. ಒತ್ತಡಪಾತ್ರೆಯನ್ನು ಮಾಡಿದ ಅದೇ ಉಕ್ಕಿನಿಂದ, ಅದೇ ಬೆಸುಗೆಯಿಂದ, ಬೆರಳುದ್ದದ ತುಂಡುಗಳನ್ನು ಮೊದಲೇ ಕೊಯ್ದು ಪಾತ್ರೆಯ ಒಳಗೆ ನೇತುಹಾಕಿರುತ್ತಾರೆ. ಸಾಮಾನ್ಯವಾಗಿ ಅವನ್ನು ಗೋಡೆಗಿಂತ ಇಂಧನಕ್ಕೆ ಹತ್ತಿರ ಇಡುತ್ತಾರೆ. ಆಗ ಗೋಡೆಗೆ ಮುಂದೆಂದೋ ಬೀಳಲಿರುವ ಹೊಡೆತ ಈ ತುಂಡುಗಳಿಗೆ ಕೆಲವು ವರ್ಷ ಮೊದಲೇ ಬಿದ್ದಿರುತ್ತದೆ. ಗೋಡೆಯ ಮುಂದಿನ ಪಂಚಾಂಗವನ್ನು ಇಂದೇ ಓದಿದಂತೆ.

ನಿಗದಿಯಾದ ವರ್ಷಕ್ಕೆ ಒಂದು ಕಂತು ತುಂಡುಗಳನ್ನು ಹೊರತೆಗೆದು, ದಪ್ಪ ಕಾಂಕ್ರೀಟು ಗೋಡೆಯ ಕೋಣೆಯೊಳಗೆ ಯಂತ್ರದ ಕೈಗಳಿಂದ ಪರೀಕ್ಷಿಸುತ್ತಾರೆ. ಪ್ರತಿ ತುಂಡು 55 ಮಿಲಿಮೀಟರು ಉದ್ದ, 10 ಮಿಲಿಮೀಟರು ಅಗಲ, ಅಷ್ಟೇ ದಪ್ಪ. ನಡುವೆ ಒಂದು ಸಣ್ಣ ಕಚ್ಚು. ಲೋಲಕದಂತೆ ತೂಗುವ ಭಾರವಾದ ಸುತ್ತಿಗೆಯನ್ನು ಬಿಟ್ಟು ಅದನ್ನು ಮುರಿಯುತ್ತಾರೆ. ಮುರಿಯಲು ಎಷ್ಟು ಶಕ್ತಿ ಬೇಕಾಯಿತು, ಯಾವ ಉಷ್ಣತೆಯಲ್ಲಿ ಬೇಕಾಯಿತು ಎಂಬ ಲೆಕ್ಕದಿಂದ ಗಡಿ ಎಷ್ಟು ಡಿಗ್ರಿ ಏರಿದೆ ಎಂದು ತಿಳಿಯುತ್ತದೆ. 1969ರಲ್ಲಿ ಆರಂಭವಾದ ತಾರಾಪುರದ ಮೊದಲ ಎರಡು ಘಟಕಗಳ ಪಾತ್ರೆಗಳಲ್ಲಿಯೂ ಇಂಥ ತುಂಡುಗಳನ್ನಿಟ್ಟು, ಹೊರತೆಗೆದು, ಭಾಭಾ ಅಣು ಸಂಶೋಧನ ಕೇಂದ್ರದಲ್ಲಿ ಪರೀಕ್ಷಿಸಿದ್ದಾರೆ.

ಈ ಲೆಕ್ಕ ಸರಿಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಯಾಂಕಿ ರೋ ಸ್ಥಾವರ ಸಾಕ್ಷಿ. ಅದರ ಪಾತ್ರೆ ಒಡೆದಿರಲಿಲ್ಲ. ಒಡೆಯುವುದಿಲ್ಲ ಎಂದು ರುಜುವಾತು ಮಾಡಲು ಬೇಕಾದ ಆಧಾರ ಕೈಯಲ್ಲಿ ಸಾಲದಾಯಿತು. 1991ರಲ್ಲಿ ನಿಲ್ಲಿಸಿದ ಆ ಸ್ಥಾವರವನ್ನು ಮರುವರ್ಷ ಶಾಶ್ವತವಾಗಿ ಮುಚ್ಚಿದರು. ಫಿನ್ಲೆಂಡಿನ ಲೋವೀಸಾದವರು ಬೇರೆ ದಾರಿ ಹಿಡಿದರು. ತಮ್ಮ ಉಕ್ಕು ನಿರೀಕ್ಷೆಗಿಂತ ಬೇಗ ಪೆಡಸಾಗುತ್ತಿದೆ ಎಂದು ತುಂಡುಗಳಿಂದ ತಿಳಿದೊಡನೆ, 1980ರಲ್ಲೇ ಹೊರಸುತ್ತಿನ 36 ಇಂಧನ ಕಟ್ಟುಗಳನ್ನು ತೆಗೆದು ಆ ಜಾಗಕ್ಕೆ ಬರೀ ಉಕ್ಕಿನ ಕಟ್ಟುಗಳನ್ನಿಟ್ಟು ಗೋಡೆಗೆ ಬೀಳುವ ಹೊಡೆತ ತಗ್ಗಿಸಿದರು. 1996ರಲ್ಲಿ ಮೊದಲ ಘಟಕದ ಪಾತ್ರೆಯ ಬೆಸುಗೆಯನ್ನು ಸುಮಾರು 475 ಡಿಗ್ರಿಗೆ ಕಾಯಿಸಿ ನಾಲ್ಕು ದಿನ ಹಾಗೇ ಇಟ್ಟರು. ಆಗಿನ ಸೋವಿಯತ್ ಒಕ್ಕೂಟದಲ್ಲಿ 1987ರಲ್ಲೇ ಈ ಕ್ರಮ ನಡೆದಿತ್ತು. ಕಾಯಿಸಿದಾಗ ಗಂಟುಗಳು ಕರಗಿ, ಪಂಕ್ತಿ ಮತ್ತೆ ಸರಿಯಾಗಿ, ಉಕ್ಕು ಬಹುಮಟ್ಟಿಗೆ ತನ್ನ ಹಳೆಯ ಮೃದುತ್ವಕ್ಕೆ ಮರಳುತ್ತದೆ. ಕಮ್ಮಾರನ ಮೂರನೆಯ ಮಾತು ಇದೇ ಅಲ್ಲವೇ?

ನಾವು ಕೇಳಬೇಕಾದದ್ದು

ಅಣುಸ್ಥಾವರದ ಮಾತು ಬಂದಾಗ ನಮ್ಮಲ್ಲಿ ಎರಡೇ ದನಿಗಳು ಕೇಳುತ್ತವೆ. ಎಲ್ಲವೂ ಕ್ಷೇಮ ಎಂಬುದು ಒಂದು, ಎಲ್ಲವೂ ಸರ್ವನಾಶ ಎಂಬುದು ಇನ್ನೊಂದು. ಇವೆರಡರ ನಡುವೆ ಅಳತೆಯ ದಾರಿ ಒಂದಿದೆ. ಸ್ಥಾವರವಿರಲಿ, ಸೇತುವೆಯಿರಲಿ, ಹೊಸದಾಗಿದ್ದಾಗ ಕ್ಷೇಮವಾಗಿದ್ದದ್ದು ನಲವತ್ತು ವರ್ಷದ ಮೇಲೂ ಹಾಗೆಯೇ ಇದೆಯೇ ಎಂಬುದನ್ನು ಯಾರಾದರೂ ಅಳೆದು ಹೇಳಬೇಕು. ಅಳೆದದ್ದನ್ನು ಜನರ ಮುಂದಿಡಬೇಕು.

ಮೂರು ಪ್ರಶ್ನೆಗಳನ್ನು ನಾವೆಲ್ಲರೂ ನೆನಪಿನಲ್ಲಿಡುವುದು ಒಳ್ಳೆಯದು. ಇಲ್ಲಿಯ ಉಕ್ಕಿನಲ್ಲಿ, ಅದರಲ್ಲೂ ಬೆಸುಗೆಯಲ್ಲಿ, ತಾಮ್ರ, ರಂಜಕ, ನಿಕ್ಕಲ್ ಎಷ್ಟಿದೆ? ಒಳಗಿಟ್ಟ ತುಂಡುಗಳನ್ನು ಕೊನೆಯ ಸಲ ತೆಗೆದದ್ದು ಯಾವಾಗ, ಗಡಿ ಎಷ್ಟು ಡಿಗ್ರಿ ಏರಿದೆ? ಸ್ಥಾವರದ ಆಯುಷ್ಯ ವಿಸ್ತರಿಸುವುದಾದರೆ ಇನ್ನೆಷ್ಟು ವರ್ಷಕ್ಕೆ ಸಾಲುವಷ್ಟು ತುಂಡುಗಳು ಉಳಿದಿವೆ? ಇವು ವಿರೋಧದ ಪ್ರಶ್ನೆಗಳಲ್ಲ, ಬೆಂಬಲದವೂ ಅಲ್ಲ. ಒಳ್ಳೆಯ ಎಂಜಿನಿಯರು ದಿನವೂ ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆಗಳು.

ಇವನ್ನು ಕೇಳಲು ಪದವಿ ಬೇಕಿಲ್ಲ. ಪೆಡಸು, ಹದ, ಕಚ್ಚು, ಬೆಸುಗೆ ಎಂಬ ಮಾತುಗಳು ಗೊತ್ತಿದ್ದರೆ ಸಾಕು. ಅವೆಲ್ಲ ನಮ್ಮ ಮನೆಮಾತಿನಲ್ಲಿ ಮೊದಲಿನಿಂದಲೂ ಇವೆ. ಮತ್ತಿಗಿರಿಯಲ್ಲಿ ಹದದ ಒಲೆಯ ಮುಂದೆ ನಿಲ್ಲುವ ತರುಣನಿಗೂ, ಚೀಮೇನಿಯ ದಾರಿಯಲ್ಲಿ ಶಾಲೆಗೆ ಹೋಗುವ ನಮ್ಮ ಹುಡುಗಿಗೂ ಈ ಶಾಸ್ತ್ರವನ್ನು ಮನೆಯ ಜಗಲಿಯಲ್ಲಿ ಕೂತು ಕನ್ನಡದಲ್ಲೇ ತಿಳಿಸಿಕೊಡಬಹುದು. ನಾಳೆ ಯಾವುದಾದರೂ ಸಭೆಯಲ್ಲಿ ಅಧಿಕಾರಿಗಳು ಎಲ್ಲವೂ ಗಟ್ಟಿಯಾಗಿದೆ ಎಂದು ಭರವಸೆ ಕೊಟ್ಟಾಗ, ಬರೀ ಗಟ್ಟಿಯಿದ್ದರೆ ಸಾಲದು, ಬಾಗುವ ಗುಣ ಎಷ್ಟು ಉಳಿದಿದೆ ಎಂದು ಎದ್ದು ಕೇಳುವಷ್ಟು ತಿಳುವಳಿಕೆ ನಮ್ಮ ಮಕ್ಕಳಲ್ಲಿ ಇರಲಿ.